ಬೇಕೆಂದೇ ಬೀಳಿಸುವ ಕರ್ನೆಲ್

ಮಾಮೂಲಿ ಪ್ರೋಗ್ರಾಮು ಕೆಟ್ಟರೆ ಅದೊಂದೇ ನಿಲ್ಲುತ್ತದೆ, ಕಂಪ್ಯೂಟರ್ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಎಲ್ಲ ಪ್ರೋಗ್ರಾಮುಗಳಿಗೂ ಅಡಿಪಾಯವಾದ ಕರ್ನೆಲ್ ಕೆಟ್ಟರೆ ಕೂತ ಕೊಂಬೆಯೇ ಮುರಿದಂತೆ. ಕೀಲಿಮಣೆ, ಪರದೆ, ಡಿಸ್ಕು ನಡೆಸುವುದೂ ಅದೇ. ತಪ್ಪು ಹುಡುಕುವ ಡೀಬಗರ್ ನಿಂತಿರುವುದೂ ಅದರ ಮೇಲೆಯೇ. ಇಂಥದ್ದನ್ನು ಹೊಸಬರಿಗೆ ಕಲಿಸುವುದು ಹೇಗೆ?

ಮೊದಲು ಹೊಳೆದ ದಾರಿ ಓದಿಸುವುದು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಆರನೇ ಆವೃತ್ತಿಯ ಸುಮಾರು 9,000 ಸಾಲುಗಳನ್ನು ಅಚ್ಚು ಹಾಕಿಸಿ, ಹಳಗನ್ನಡ ಕಾವ್ಯಕ್ಕೆ ಟೀಕು ಬರೆಯುವವರಂತೆ 1970ರ ದಶಕದ ನಡುವಿನಲ್ಲಿ ಅದಕ್ಕೊಂದು ವ್ಯಾಖ್ಯಾನ ಬರೆದರು. ಕರ್ನೆಲ್ ಒಂದು ಪ್ರೋಸೆಸ್‌ನಿಂದ, ಅಂದರೆ ಓಡುತ್ತಿರುವ ಪ್ರೋಗ್ರಾಮಿನಿಂದ, ಇನ್ನೊಂದಕ್ಕೆ ಜಿಗಿಯುವ ಜಾಗದಲ್ಲಿ, ಇದು ನಿಮಗೆ ಅರ್ಥವಾಗಬೇಕೆಂದೇನಿಲ್ಲ ಎಂಬರ್ಥದ ಟಿಪ್ಪಣಿ ಮೂಲದಲ್ಲೇ ಇತ್ತು. ಆಗ ತಮಗೂ ಅದು ಅರ್ಥವಾಗಿರಲಿಲ್ಲ ಎಂದು ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಡೆನಿಸ್ ರಿಚಿ ಆಮೇಲೆ ಒಪ್ಪಿಕೊಂಡರು!

1979ರಲ್ಲಿ ಏಳನೇ ಆವೃತ್ತಿ ಬಂದಾಗ ಅದರ ಪರವಾನಗಿ, ಮೂಲ ಕೋಡನ್ನು ತರಗತಿಯಲ್ಲಿ ಪಾಠ ಮಾಡದಂತೆ ತಡೆಯಿತು. ಲಯನ್ಸ್ ಪುಸ್ತಕ ಜೆರಾಕ್ಸ್ ಪ್ರತಿಗಳಲ್ಲೇ ಕೈಯಿಂದ ಕೈಗೆ ದಾಟಿತು. ಅಂಗಡಿಗೆ ಬಂದದ್ದು 1996ರಲ್ಲಿ.

ಓದಿದರೆ ಸಾಕು ಎನ್ನುವ ಪಂಥ ಇವತ್ತಿಗೂ ಸತ್ತಿಲ್ಲ. ತನಗೆ ಡೀಬಗರ್‌ಗಳೆಂದರೆ ಆಗುವುದಿಲ್ಲ ಎಂದು ಲಿನಕ್ಸ್ ಕರ್ನೆಲ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2000ದಲ್ಲಿ ನೇರವಾಗಿಯೇ ಬರೆದಿದ್ದರು. ಲಿನಕ್ಸ್‌ನ ಮುಖ್ಯ ಕೋಡಿನೊಳಗೆ ಕರ್ನೆಲ್‌ಗೆಂದೇ ಇರುವ ಡೀಬಗರ್ ಕೆಜಿಡಿಬಿ ಸೇರಿದ್ದು 2008ರಲ್ಲಿ. ಪಳಗಿದವರಿಗೆ ಆ ಹಟ ಸರಿಹೋದೀತು, ಮೊದಲ ವಾರದ ವಿದ್ಯಾರ್ಥಿಗಲ್ಲ.

ಅಮೆರಿಕದ ಎಂಐಟಿಯಲ್ಲಿ 2002ರಿಂದ ಲಯನ್ಸ್ ಪುಸ್ತಕವನ್ನೇ ಪಾಠಕ್ಕಿಟ್ಟಿದ್ದರು. ಎಂದೋ ಮೂಲೆಗೆ ಸೇರಿದ ಪಿಡಿಪಿ-11 ಯಂತ್ರದ ಭಾಷೆ ಕಲಿಯುವ ಕರ್ಮ ತಮಗೇಕೆಂದು ವಿದ್ಯಾರ್ಥಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. 2006ರಲ್ಲಿ ಫ್ರಾನ್ಸ್ ಕಾಶೂಕ್, ರಾಬರ್ಟ್ ಮಾರಿಸ್, ರಸ್ ಕಾಕ್ಸ್ ಆ ಪುಟ್ಟ ಯುನಿಕ್ಸನ್ನೇ ಹೊಸ ಯಂತ್ರಕ್ಕೆ ತಿರುಗಿ ಬರೆದು ಎಕ್ಸ್‌ವಿ6 ಎಂದು ಹೆಸರಿಟ್ಟರು.

ಕೊಂಬೆಯ ತೊಡಕು ಬಿಡಿಸಿದ್ದು ಮಾತ್ರ ಫ್ಯಾಬ್ರೀಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಇಎಂಯು. ಇದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಟಿಸುತ್ತದೆ. ಒಂದು ಕಿಟಕಿಯಲ್ಲಿ ಎಕ್ಸ್‌ವಿ6, ಪಕ್ಕದ ಕಿಟಕಿಯಲ್ಲಿ ಜಿಡಿಬಿ ಎಂಬ ಡೀಬಗರ್. ಕರ್ನೆಲ್ ಕುಸಿದರೂ ನೋಡುವವರು ನೆಲದ ಮೇಲೆ ಗಟ್ಟಿಯಾಗಿ ನಿಂತಿರುತ್ತಾರೆ.

ಎಕ್ಸ್‌ವಿ6 ಪಾಠದ ಈಗಿನ ಒಂದು ಅಭ್ಯಾಸದಲ್ಲಂತೂ ಕರ್ನೆಲನ್ನು ಬೇಕೆಂದೇ ಬೀಳಿಸುತ್ತಾರೆ. ಸಿಸ್ಟಮ್ ಕಾಲ್‌ನ, ಅಂದರೆ ಪ್ರೋಸೆಸ್ ಕರ್ನೆಲನ್ನು ಕೇಳುವ ಕೋರಿಕೆಯ, ಸಂಖ್ಯೆ ಓದುವ ಸಾಲನ್ನು ತಿದ್ದಿ, ಸೊನ್ನೆ ವಿಳಾಸದಿಂದ ಓದು ಎಂದು ಬರೆಯಬೇಕು. ಅಲ್ಲಿ ಏನೂ ಇಲ್ಲ. ಪ್ಯಾನಿಕ್ ಎಂಬ ಕೂಗಿನ ಜೊತೆಗೆ ಪರದೆಗೆ ಕೆಲವು ಅಂಕಿ ಬರುತ್ತವೆ: ಎಸ್‌ಕಾಸ್ ಏಕೆ ಬಿತ್ತೆಂದು ಹೇಳುತ್ತದೆ, ಎಸ್‌ಇಪಿಸಿ ಎಲ್ಲಿ ಬಿತ್ತೆಂದು. ಎರಡನೆಯದನ್ನು ಅಸೆಂಬ್ಲಿ ಪಟ್ಟಿಯಲ್ಲಿ ಹುಡುಕಿದರೆ ತಾನೇ ಕೆಡಿಸಿದ ಸಾಲು ವಿದ್ಯಾರ್ಥಿಗೆ ಸಿಗುತ್ತದೆ. ಕಡೆಯ ಪ್ರಶ್ನೆ: ಆಗ ಓಡುತ್ತಿದ್ದ ಪ್ರೋಸೆಸ್ ಯಾವುದು? ಜಿಡಿಬಿಯನ್ನು ಕೇಳಿದರೆ ಸಂಖ್ಯೆ 1 ಎನ್ನುತ್ತದೆ. ಹುಟ್ಟಿದ ಮೊದಲ ಪ್ರೋಸೆಸ್ ಬಾಯಿಬಿಟ್ಟು ಮೊದಲ ಸಲ ಕೇಳುವಷ್ಟರಲ್ಲೇ ಕರ್ನೆಲ್ ಬಿದ್ದಿತ್ತು.