ತಟ್ಟಿದರೆ ತೆರೆಯಬೇಕಾದ ಬಾಗಿಲು

ಅಂಕಪಟ್ಟಿಯಲ್ಲಿನ ಒಂದು ಅಕ್ಷರದೋಷವನ್ನು ತಿದ್ದಿಸುವ ಸಲುವಾಗಿ ಮದ್ದೂರಿನಿಂದಲೋ ಮಳವಳ್ಳಿಯಿಂದಲೋ ಬಸ್ಸು ಹತ್ತಿ ಮೈಸೂರಿಗೆ ಅಲೆದ ದಿನಗಳನ್ನು ನಮ್ಮಲ್ಲಿ ಅನೇಕ ಹಿರಿಯರು ಇನ್ನೂ ಮರೆತಿಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯವೇ ಬಹುಕಾಲ ನಮ್ಮ ಜಿಲ್ಲೆಯ ಪದವಿ ಕಾಲೇಜುಗಳಿಗೆ ಆಸರೆಯಾಗಿತ್ತು. 2019ರಲ್ಲಿ ಮಂಡ್ಯಕ್ಕೇ ಒಂದು ವಿಶ್ವವಿದ್ಯಾಲಯ ಬಂದಿತು. 2021-22ನೇ ಸಾಲಿನಿಂದ ಪ್ರವೇಶ, ಪರೀಕ್ಷೆ, ಫಲಿತಾಂಶಗಳನ್ನು ಒಂದೆಡೆ ತರುವ 'ಯುಯುಸಿಎಂಎಸ್' ಜಾಲತಾಣವನ್ನು ರಾಜ್ಯ ಸರ್ಕಾರ ಜಾರಿಗೊಳಿಸಿತು. ಅಂದು ಕಚೇರಿಯ ಕಿಟಕಿಯಲ್ಲಿ ಕೇಳಬೇಕಾಗಿದ್ದುದು ಇಂದು ಅಂಗೈಯ ಫೋನಿನಲ್ಲಿಯೇ ದೊರೆಯಬೇಕು. ಹಾಗಿದ್ದೂ ನಮ್ಮ ಮಕ್ಕಳು ಜಾಲತಾಣವನ್ನು ಬಿಟ್ಟು ಗೆಳೆಯರ ವಾಟ್ಸ್‌ಆಪ್ ಸಂದೇಶವನ್ನೇ ನೆಚ್ಚುವುದೇಕೆ?

ಈ ಪ್ರಶ್ನೆ ಹೊಸದೇನಲ್ಲ. ಜನರು ಹೊಸ ಗಣಕ ವ್ಯವಸ್ಥೆಯೊಂದನ್ನು ಒಪ್ಪಿಕೊಳ್ಳಲು ಎರಡು ನಂಬಿಕೆಗಳು ಮುಖ್ಯವೆಂದು ಅಮೆರಿಕದ ವಿದ್ವಾಂಸ ಫ್ರೆಡ್ ಡೇವಿಸ್ 1989ರಲ್ಲಿ ತೋರಿಸಿಕೊಟ್ಟರು. ಇದರಿಂದ ನನ್ನ ಕೆಲಸ ಚೆನ್ನಾಗಿ ನಡೆದೀತು ಎಂಬುದು ಒಂದು. ಇದನ್ನು ಬಳಸುವುದು ಕಷ್ಟವಲ್ಲ ಎಂಬುದು ಇನ್ನೊಂದು. ಇವುಗಳಲ್ಲಿ ಮೊದಲನೆಯದೇ ಹೆಚ್ಚು ಬಲವಾದುದೆಂದು ಅವರು ಕಂಡುಕೊಂಡರು.

ನಮ್ಮ ಅನುಭವವೂ ಇದನ್ನೇ ಹೇಳುತ್ತದೆ. ವಿದ್ಯಾರ್ಥಿಯು ವಿಶ್ವವಿದ್ಯಾಲಯದ ಕಟ್ಟಡದ ಚೆಂದದ ಚಿತ್ರವನ್ನಾಗಲಿ, ಗಣ್ಯರ ಭಾವಚಿತ್ರಗಳನ್ನಾಗಲಿ ನೋಡಲು ಬರುವವನಲ್ಲ. ಅವನಿಗೆ ಬೇಕಾದುದು ವೇಳಾಪಟ್ಟಿ, ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆ, ಶುಲ್ಕ ಕಟ್ಟುವ ಕಡೆಯ ದಿನ. ಇವು ಎದುರಿಗೇ ಸಿಕ್ಕರೆ ಅವನು ಮತ್ತೆ ಬರುತ್ತಾನೆ. ಹಳೆಯ ಪ್ರಕಟಣೆಗಳ ರಾಶಿಯಲ್ಲಿ ಹುಡುಕಬೇಕಾಗಿ ಬಂದರೆ ಬೇಸತ್ತು ಮರಳುತ್ತಾನೆ. ಕಾಗದವನ್ನು ಸ್ಕ್ಯಾನ್ ಮಾಡಿ ಬರಿಯ ಚಿತ್ರವಾಗಿ ಏರಿಸಿದ ಸುತ್ತೋಲೆಯೊಳಗಿನ ಪದಗಳನ್ನು ಗಣಕವು ಸುಲಭವಾಗಿ ಹುಡುಕಿಕೊಡಲಾರದು. ಅಂಧ ವಿದ್ಯಾರ್ಥಿಗೆ ಓದಿ ಹೇಳುವ ತಂತ್ರಾಂಶವೂ ಅದರ ಮುಂದೆ ತಡವರಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿಯ ಹುಡುಗಿಗೆ ಕೇವಲ ಇಂಗ್ಲಿಷಿನಲ್ಲಿರುವ ಅರ್ಜಿಯು ಇನ್ನೊಂದು ಪರೀಕ್ಷೆಯೇ ಸರಿ.

ಇವೆಲ್ಲಕ್ಕಿಂತ ಮಿಗಿಲಾದುದು ವಿಶ್ವಾಸ. ಕಡೆಯ ದಿನದಂದು ಜಾಲತಾಣವು ತೆರೆಯದೆ ಹೋದರೆ, ಹಣ ಕಡಿತವಾಗಿಯೂ ರಸೀದಿ ಬಾರದಿದ್ದರೆ, ಒಮ್ಮೆ ಕಳೆದುಹೋದ ನಂಬಿಕೆ ಬೇಗನೆ ಮರಳುವುದಿಲ್ಲ. ನಷ್ಟವೂ ಅಲ್ಪವಲ್ಲ. ದಿನಾಂಕ ತಪ್ಪಿದರೆ ಪರೀಕ್ಷೆ ತಪ್ಪಬಹುದು; ವಿದ್ಯಾರ್ಥಿವೇತನ ಕೈಬಿಟ್ಟುಹೋಗಬಹುದು. ಕೂಲಿಯನ್ನು ನಂಬಿ ಮಗಳನ್ನು ಓದಿಸುತ್ತಿರುವ ತಾಯಿಗೆ ಅದರ ಭಾರವೇನೆಂದು ನಾವು ಬಲ್ಲೆವು.

ಜಾಲತಾಣವನ್ನು ಸರಿಪಡಿಸುವುದು ಅಧಿಕಾರಿಗಳ ಹೊಣೆ. ಆದರೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಪದವಿ ಮುಗಿಸಿದ ಯುವಜನರಿದ್ದಾರೆ. ಭಾನುವಾರದ ಬಲಿಪೂಜೆಯ ನಂತರ ಒಂದು ಗಂಟೆ ದೇವಾಲಯದ ಆವರಣದಲ್ಲಿ ಕುಳಿತು, ಕಿರಿಯರಿಗೆ ಅಧಿಕೃತ ಜಾಲತಾಣ ಯಾವುದೆಂದು ತೋರಿಸಿ, ಅರ್ಜಿ ತುಂಬುವುದನ್ನು ಅವರ ಕೈಯಿಂದಲೇ ಮಾಡಿಸಬಹುದು. ತಂದೆತಾಯಿಗಳು ಕಡೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಒಂದು ವಾರ ಮೊದಲೇ ಮಕ್ಕಳನ್ನು ಎಚ್ಚರಿಸಬಹುದು. ಗುಪ್ತಪದವನ್ನು ಮಾತ್ರ ಯಾರಿಗೂ ಕೊಡಬಾರದು.

ಬಾಗಿಲು ತಟ್ಟುವ ಮಗುವಿನ ಜೊತೆಗೆ ಹಿರಿಯರೊಬ್ಬರು ನಿಂತಿದ್ದರೆ ಅದರ ಅರ್ಧ ಅಂಜಿಕೆ ಅಲ್ಲಿಯೇ ಕಳೆಯುತ್ತದೆ.