ಉಪಾದಾನ: ಬೌದ್ಧರು ಗುರುತಿಸಿದ ನಾಲ್ಕು ಹಿಡಿತಗಳು

ಬುದ್ಧನ ಹೆಸರು ಕೇಳಿದೊಡನೆ ಕನ್ನಡದ ಓದುಗರ ಕಣ್ಣಮುಂದೆ ಬರುವುದು ನಡುರಾತ್ರಿಯಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಅರಮನೆಯಿಂದ ಹೊರಟ ಸಿದ್ಧಾರ್ಥನ ಚಿತ್ರ. ಆ ಚಿತ್ರದ ಪ್ರಭಾವ ಎಷ್ಟು ಗಾಢವೆಂದರೆ, ಮೋಹವನ್ನು ಬಿಡುವುದೆಂದರೆ ಮನೆಮಠ, ಹೆಂಡಿರು ಮಕ್ಕಳು, ಹೊಲಗದ್ದೆಗಳನ್ನು ತೊರೆದು ಹೋಗುವುದೆಂದೇ ಬೌದ್ಧಧರ್ಮ ಹೇಳುತ್ತದೆಂಬ ತಿಳಿವಳಿಕೆ ಬೇರೂರಿಬಿಟ್ಟಿದೆ. ಪಾಲಿ ಗ್ರಂಥಗಳನ್ನು ತೆರೆದು ನೋಡಿದರೆ ಕಾಣುವ ಸಂಗತಿ ಬೇರೆ. ಮಜ್ಝಿಮ ನಿಕಾಯದ ಚೂಳಸೀಹನಾದ ಸುತ್ತದಲ್ಲಿ ಬುದ್ಧನು ಉಪಾದಾನವನ್ನು, ಅಂದರೆ ಮನಸ್ಸು ಒಂದನ್ನು ಬಿಗಿಯಾಗಿ ಹಿಡಿದುಕೊಂಡು ಅದಿಲ್ಲದೆ ತಾನಿಲ್ಲವೆಂಬಂತೆ ಅಂಟಿಕೊಳ್ಳುವುದನ್ನು, ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ: ಇಂದ್ರಿಯಸುಖಗಳಿಗೆ ಅಂಟುವುದು ಕಾಮೋಪಾದಾನ, ಅಭಿಪ್ರಾಯಗಳಿಗೆ ಅಂಟುವುದು ದೃಷ್ಟಿ-ಉಪಾದಾನ, ವ್ರತನೇಮ ಆಚಾರಗಳಿಗೆ ಅವುಗಳಿಂದಲೇ ಬಿಡುಗಡೆಯೆಂದು ಅಂಟುವುದು ಶೀಲವ್ರತ-ಉಪಾದಾನ, 'ನಾನು' ಎಂಬ ಕಲ್ಪನೆಗೆ ಅಂಟುವುದು ಆತ್ಮವಾದ-ಉಪಾದಾನ. ಈ ನಾಲ್ಕರಲ್ಲಿ ವಸ್ತು ಮತ್ತು ಭೋಗಗಳಿಗೆ ಸಂಬಂಧಿಸಿದ್ದು ಒಂದೇ ಒಂದು. ಉಳಿದ ಮೂರನ್ನು ಮನೆ ಬಿಟ್ಟವನೂ ಜೋಳಿಗೆಯಲ್ಲಿ ಹೊತ್ತುಕೊಂಡೇ ಹೋಗಬಹುದು.

ಈ ಹಿಡಿತ ಎಲ್ಲಿ ಹುಟ್ಟುತ್ತದೆಂಬುದನ್ನು ವಿವರಿಸಲು ಬೌದ್ಧರು ಪ್ರತೀತ್ಯಸಮುತ್ಪಾದವೆಂಬ ಹನ್ನೆರಡು ಕೊಂಡಿಗಳ ಸರಪಳಿಯನ್ನು ಹೇಳುತ್ತಾರೆ. ಒಂದರಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಕಾರಣಗಳ ಮೂಲಕ ದುಃಖ ಉಂಟಾಗುವ ಕ್ರಮವದು. ಸಾಮಾನ್ಯ ಓದುಗರಿಗೆ ಅದರ ಹನ್ನೆರಡೂ ಕೊಂಡಿಗಳು ಬೇಕಾಗಲಾರವು, ಆದರೆ ನಡುವಿನ ಮೂರನ್ನು ತಿಳಿಯದೆ ವಿಧಿಯಿಲ್ಲ. ಕಣ್ಣು, ಕಿವಿ, ಮೈ, ಮನಸ್ಸುಗಳಿಗೆ ಯಾವುದಾದರೂ ವಿಷಯ ತಾಗಿದಾಗ ಹಿತ, ಅಹಿತ ಅಥವಾ ಎರಡೂ ಅಲ್ಲದ ಒಂದು ಅನುಭವ ಹುಟ್ಟುತ್ತದೆ. ಇದಕ್ಕೆ ವೇದನೆಯೆಂದು ಹೆಸರು, ಕನ್ನಡದ ಬಳಕೆಯಂತೆ ನೋವಿಗಷ್ಟೇ ಇದು ಸೀಮಿತವಲ್ಲ. ಹಿತವಾದದ್ದು ಇನ್ನಷ್ಟು ಬೇಕು, ಅಹಿತವಾದದ್ದು ಈಗಲೇ ತೊಲಗಬೇಕು ಎಂಬ ಬಾಯಾರಿಕೆ ಅದರ ಬೆನ್ನಿಗೇ ಏಳುತ್ತದೆ, ಇದು ತೃಷ್ಣೆ. ಆ ಬಾಯಾರಿಕೆ ಗಟ್ಟಿಗೊಂಡು ಹಿಡಿತವಾದಾಗ ಉಪಾದಾನ. ವಾರಾಣಸಿಯ ಬಳಿಯ ಇಸಿಪತನದಲ್ಲಿ, ಅಂದರೆ ಇಂದಿನ ಸಾರನಾಥದಲ್ಲಿ, ಐವರು ಭಿಕ್ಷುಗಳಿಗೆ ನೀಡಿದ ಮೊದಲ ಉಪದೇಶದಲ್ಲಿಯೇ ಬುದ್ಧನು ತೃಷ್ಣೆಯನ್ನು ದುಃಖದ ಮೂಲವೆಂದು ಕರೆದು, ಭೋಗದ ಆಸೆ ಮತ್ತು ಇರಬೇಕೆಂಬ ಆಸೆಗಳ ಜೊತೆಗೆ ಇಲ್ಲವಾಗಿಬಿಡಬೇಕೆಂಬ ಆಸೆಯನ್ನೂ ಅದರಲ್ಲಿ ಸೇರಿಸಿದ್ದಾನೆ. ಬೇಡವೆನ್ನುವುದೂ ಒಂದು ಬೇಕು ಎಂಬ ಈ ಸೂಕ್ಷ್ಮವನ್ನು ಮರೆತ ವೈರಾಗ್ಯ ಬಹುಪಾಲು ಸಿಡುಕಿನಲ್ಲಿಯೇ ಕೊನೆಗೊಳ್ಳುತ್ತದೆ.

ಸರಪಳಿ ಕಡಿಯುವುದಾದರೆ ಎಲ್ಲಿ ಕಡಿಯಬೇಕು? ವೇದನೆಯನ್ನು ತಡೆಯಲು ಯಾರಿಂದಲೂ ಆಗದು. ದೇಹವಿರುವವರೆಗೆ ಬುದ್ಧನಿಗೂ ಬೆನ್ನುನೋವು ಬರುತ್ತಿತ್ತೆಂದು ಗ್ರಂಥಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಸಂಯುತ್ತ ನಿಕಾಯದ ಸಲ್ಲ ಸುತ್ತವು ಈ ಪ್ರಶ್ನೆಯನ್ನು ಬಾಣದ ಉದಾಹರಣೆಯಿಂದ ಬಿಡಿಸುತ್ತದೆ. ಧರ್ಮವನ್ನು ಕೇಳದ ಸಾಮಾನ್ಯನಿಗೂ ಕೇಳಿದ ಶ್ರಾವಕನಿಗೂ ನೋವು ಸಮಾನವಾಗಿಯೇ ಆಗುತ್ತದೆ, ಆದರೆ ಸಾಮಾನ್ಯನು ಮೈಗೆ ನೋವಾದೊಡನೆ ಗೋಳಾಡಿ, ಕಂಗೆಟ್ಟು, ಮನಸ್ಸಿಗೂ ನೋವು ತಂದುಕೊಂಡು ಮೊದಲ ಬಾಣದ ಮೇಲೆ ಎರಡನೆಯ ಬಾಣವನ್ನೂ ನಾಟಿಸಿಕೊಂಡವನಂತಾಗುತ್ತಾನೆ, ಶ್ರಾವಕನಿಗೆ ತಾಗುವುದು ಒಂದೇ ಬಾಣ. ಇಷ್ಟು ಭಾಗವನ್ನು ಅನೇಕರು ಉದ್ಧರಿಸುವುದುಂಟು. ಅದರ ಮುಂದಿನ ಮಾತು ಇನ್ನೂ ಹರಿತವಾಗಿದ್ದರೂ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ: ನೋವಿಗೆ ಸಿಕ್ಕಿದ ಸಾಮಾನ್ಯನು ಕೂಡಲೇ ಇಂದ್ರಿಯಸುಖದತ್ತ ಓಡುತ್ತಾನೆ, ಏಕೆಂದರೆ ನೋವಿನಿಂದ ಹೊರಬರಲು ಅವನಿಗೆ ಗೊತ್ತಿರುವ ಬಾಗಿಲು ಅದೊಂದೇ. ದುಃಖವಾದಾಗ ತಿಂಡಿಯ ಡಬ್ಬಿಗೋ ಮೊಬೈಲಿಗೋ ಮದ್ಯದ ಬಾಟಲಿಗೋ ಕೈಹೋಗುವುದನ್ನು ಬಲ್ಲ ಇಂದಿನ ಓದುಗರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಬೌದ್ಧ ಸಾಧನೆಯ ಕೆಲಸವೆಲ್ಲ ವೇದನೆಗೂ ತೃಷ್ಣೆಗೂ ನಡುವಿನ ಆ ಕಿರಿದಾದ ಜಾಗದಲ್ಲಿ ನಡೆಯುತ್ತದೆ. ಸತಿಪಟ್ಠಾನ ಸುತ್ತವು ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕನ್ನು ಎಚ್ಚರದಿಂದ ಗಮನಿಸುವ ಕ್ರಮವನ್ನು ಕೊಡುತ್ತದೆ. ಇದರಲ್ಲಿ ವೇದನೆಯ ಗಮನಕ್ಕೆ ಒತ್ತು ಕೊಟ್ಟ ಒಂದು ಪರಂಪರೆ ಬರ್ಮಾದಲ್ಲಿ ಬೆಳೆದು, ಆ ದೇಶದ ಅಕೌಂಟೆಂಟ್ ಜನರಲ್ ಆಗಿದ್ದ ಗೃಹಸ್ಥ ಸಯಾಜಿ ಊ ಬಾ ಖಿನ್ ಅವರಿಂದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ಅವರಿಗೆ ದಾಟಿ, 1969ರಲ್ಲಿ ಭಾರತಕ್ಕೆ ಮರಳಿತು. ಬೆಂಗಳೂರಿನ ಹೊರವಲಯದ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರ ಈ ಪರಂಪರೆಯದೇ. ಹತ್ತು ದಿನಗಳ ಮೌನ ಶಿಬಿರದ ಮೊದಲ ಮೂರು ದಿನ ಮೂಗಿನ ಬಳಿ ಉಸಿರು ಬಂದುಹೋಗುವುದನ್ನಷ್ಟೇ ಗಮನಿಸಿ, ಬಳಿಕ ನೆತ್ತಿಯಿಂದ ಅಂಗಾಲಿನವರೆಗೆ ಮೈಯ ಒಂದೊಂದು ಭಾಗದ ಸಂವೇದನೆಯನ್ನೂ ನೋಡುತ್ತ ಹೋಗಬೇಕು. ನಿಗದಿತ ಅವಧಿಗಳಲ್ಲಿ ಒಂದು ಗಂಟೆ ಕೈಕಾಲು ಅಲುಗಿಸದೆ ಕೂರಬೇಕು. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಮಂಡಿ ಉರಿಯತೊಡಗುತ್ತದೆ, ಕಾಲು ಚಾಚಬೇಕೆಂಬ ತವಕ ಉಕ್ಕುತ್ತದೆ, ಗಮನವಿಟ್ಟು ನೋಡಿದರೆ ಆ ಉರಿಯೊಳಗೇ ಏರಿಳಿತಗಳಿರುವುದೂ, ಉರಿ ಬೇರೆ, ಅದರ ಮೇಲಿನ ಸಿಟ್ಟು ಬೇರೆ ಎಂಬುದೂ ತಿಳಿಯುತ್ತದೆ. ಅನಿತ್ಯವೆಂಬ ತತ್ತ್ವವನ್ನು ಇಲ್ಲಿ ಮಂಡಿಯ ಮೂಲಕ ಕಲಿಯಬೇಕಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ರೂಪಿಸಿದ ಎಂಟು ವಾರಗಳ ಕಾರ್ಯಕ್ರಮಕ್ಕೂ ಬೌದ್ಧ ಧ್ಯಾನವೇ ಆಧಾರ. ತೀವ್ರವಾದ ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆಯಿಂದ ಬಳಲುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಇಂಥ ದೀರ್ಘ ಶಿಬಿರಗಳಿಗೆ ಸೇರಬಾರದು. ಎಚ್ಚರದ ಅಭ್ಯಾಸ ಔಷಧಕ್ಕೆ ಬದಲಿಯಾಗುವುದಿಲ್ಲ.

ಹಾಗಾದರೆ ಪ್ರೀತಿಯ ಗತಿಯೇನು, ಹಿಡಿತ ಸಡಿಲವಾದಂತೆ ಮನುಷ್ಯ ಕಲ್ಲಾಗಿಬಿಡುವುದಿಲ್ಲವೇ ಎಂಬ ಶಂಕೆ ಸಹಜವಾದದ್ದು. ಇದಕ್ಕೆ ಪಾಲಿ ಸಾಹಿತ್ಯದಲ್ಲಿ ಸಿಗುವ ಅತ್ಯುತ್ತಮ ಉತ್ತರವನ್ನು ಒಬ್ಬ ಗೃಹಿಣಿ ಕೊಟ್ಟಿದ್ದಾಳೆ. ಭಗ್ಗ ದೇಶದ ಸುಂಸುಮಾರಗಿರಿಯಲ್ಲಿದ್ದ ನಕುಲಪಿತ ಮತ್ತು ನಕುಲಮಾತೆ ಎಂಬ ದಂಪತಿ ಒಬ್ಬರನ್ನೊಬ್ಬರು ಬಹಳವಾಗಿ ಮೆಚ್ಚಿಕೊಂಡಿದ್ದವರು. ಮುಂದಿನ ಜನ್ಮದಲ್ಲಿಯೂ ಜೊತೆಗಿರಬೇಕೆಂಬ ಬಯಕೆಯನ್ನು ಅವರು ಬುದ್ಧನ ಎದುರಿಗೇ ಹೇಳಿದಾಗ ಅವನು ಗದರಿಸದೆ, ಇಬ್ಬರ ಶ್ರದ್ಧೆ, ಶೀಲ, ದಾನ, ಪ್ರಜ್ಞೆಗಳು ಸರಿಸಮವಾಗಿದ್ದರೆ ಅದು ಸಾಧ್ಯವೆಂದಿದ್ದನು. ಅಂಗುತ್ತರ ನಿಕಾಯದ ಆರನೆಯ ನಿಪಾತದಲ್ಲಿ, ಅಂದರೆ ಆರನೆಯ ಭಾಗದಲ್ಲಿ, ಬರುವ ಪ್ರಸಂಗದಲ್ಲಿ ನಕುಲಪಿತನು ಕಾಯಿಲೆ ಬಿದ್ದು ಸಾವಿನ ಅಂಚಿಗೆ ಬಂದಿದ್ದಾನೆ. ಹಾಸಿಗೆಯ ಬಳಿ ಕುಳಿತ ಹೆಂಡತಿ, ಚಿಂತೆ ಹೊತ್ತು ಸಾಯಬೇಡಿರೆಂದು ಬೇಡಿ, ಅವನ ಮನಸ್ಸಿನಲ್ಲಿರಬಹುದಾದ ಒಂದೊಂದು ಚಿಂತೆಯನ್ನೂ ತಾನೇ ಹೆಸರಿಟ್ಟು ಹೊರತೆಗೆಯುತ್ತಾಳೆ. ತಾನು ಹೋದ ಮೇಲೆ ಮಕ್ಕಳನ್ನು ಸಾಕುವವರು ಯಾರೆಂದು ಅವನು ಚಿಂತಿಸುತ್ತಿರಬಹುದು. ಹತ್ತಿ ನೂಲುವುದರಲ್ಲಿಯೂ ಉಣ್ಣೆ ಹಸನು ಮಾಡುವುದರಲ್ಲಿಯೂ ತನಗೆ ಕೈ ಪಳಗಿದೆ, ಮಕ್ಕಳನ್ನು ಸಾಕಿ ಮನೆ ನಡೆಸಬಲ್ಲೆನೆಂದು ಅವಳು ಹೇಳುತ್ತಾಳೆ. ಇವಳು ಇನ್ನೊಬ್ಬನ ಮನೆ ಸೇರಿಯಾಳೆಂದು ಶಂಕಿಸುತ್ತಿರಬಹುದು. ಹದಿನಾರು ವರ್ಷಗಳಿಂದ ಇಬ್ಬರೂ ಗೃಹಸ್ಥರಾಗಿದ್ದುಕೊಂಡೇ ಪಾಲಿಸಿದ ಬ್ರಹ್ಮಚರ್ಯವನ್ನು ನೆನಪಿಸುತ್ತಾಳೆ. ಬುದ್ಧನನ್ನೂ ಸಂಘವನ್ನೂ ಕಾಣುವ ತನ್ನ ಹಂಬಲ ಕುಗ್ಗುವುದಿಲ್ಲ, ಶೀಲ ಕೆಡುವುದಿಲ್ಲ, ಮನಸ್ಸಿನ ಶಾಂತಿ ಕದಡುವುದಿಲ್ಲ, ಧರ್ಮದಲ್ಲಿ ತನಗೆ ಕಾಲೂರುವ ನೆಲೆ ಸಿಕ್ಕಿದೆ ಎಂದು ಉಳಿದವನ್ನೂ ಕಳಚುತ್ತಾಳೆ. ಈ ಮಾತಿನಲ್ಲಿ ಯಾರಿಗಾದರೂ ಸಂದೇಹವಿದ್ದರೆ ಬುದ್ಧನು ಇಲ್ಲಿಯೇ ಇದ್ದಾನೆ, ಹೋಗಿ ಕೇಳಲಿ ಎಂದು ಸವಾಲನ್ನೂ ಹಾಕುತ್ತಾಳೆ. ಗಂಡನು ಚೇತರಿಸಿಕೊಂಡು, ಕೋಲೂರಿಕೊಂಡು ಬುದ್ಧನ ಬಳಿಗೆ ಹೋದಾಗ, ಇಂಥ ಅನುಕಂಪೆಯ ಹೆಂಡತಿ ಉಪದೇಶ ಹೇಳಲು ಸಿಕ್ಕಿದ್ದು ನಿನ್ನ ಭಾಗ್ಯವೆಂದು ಬುದ್ಧನು ಹೇಳುತ್ತಾನೆ.

ಈ ಪ್ರಸಂಗದಲ್ಲಿ ಸಂಸಾರ ಮಿಥ್ಯೆ, ಯಾರಿಗೆ ಯಾರೂ ಇಲ್ಲ ಎಂಬಂಥ ಮಾತು ಒಂದೂ ಇಲ್ಲ. ಗಂಡನ ಹಿಡಿತ ಸಡಿಲವಾದದ್ದು ಹೆಂಡತಿಯ ನೂಲುವ ಕೈಯ ಮೇಲಿನ ಭರವಸೆಯಿಂದ. ಸಾವಿನ ಹಾಸಿಗೆಯ ಪಕ್ಕದಲ್ಲಿ ಕುಳಿತು ಏನೂ ಆಗುವುದಿಲ್ಲ, ಧೈರ್ಯವಾಗಿರಿ ಎಂದು ಸುಳ್ಳು ಸಮಾಧಾನ ಹೇಳುವ ನಮ್ಮ ಮನೆಗಳ ರೂಢಿಗಿಂತ ನಕುಲಮಾತೆಯ ದಾರಿ ಎಷ್ಟೋ ಪ್ರಾಮಾಣಿಕವಾದದ್ದು.

ಇದೇ ನಕುಲಪಿತನು ಮುಪ್ಪಿನಲ್ಲಿ, ಮೈಯಲ್ಲಿ ಸದಾ ಕಾಯಿಲೆಯಿದೆಯೆಂದು ಹೇಳಿಕೊಂಡಾಗ, ದೇಹ ರೋಗಗ್ರಸ್ತವಾದರೂ ಚಿತ್ತ ರೋಗಗ್ರಸ್ತವಾಗದಂತೆ ಅಭ್ಯಾಸ ಮಾಡಬೇಕೆಂದು ಬುದ್ಧನು ಹೇಳಿದ್ದನ್ನು ಅವನ ಶಿಷ್ಯ ಸಾರಿಪುತ್ತನು ಬಿಡಿಸಿ ವಿವರಿಸುತ್ತಾನೆ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳು, ಅಂದರೆ ದೇಹ, ಅನುಭವ, ಗುರುತಿಸುವಿಕೆ, ಮನಸ್ಸಿನ ರೂಢಿಗಳು ಮತ್ತು ಅರಿವು, ಇವನ್ನು 'ಇದು ನಾನು, ಇದು ನನ್ನದು' ಎಂದು ಹಿಡಿದವನಿಗೆ ಅವು ಬದಲಾದಾಗ ಶೋಕ ತಪ್ಪದು. ನಾಲ್ಕನೆಯ ಉಪಾದಾನವೆಂದರೆ ಇದೇ. ಮೊದಲ ಮೂರನ್ನು ಬೇರೆ ಗುರುಗಳೂ ಅರಿತಿರಬಹುದು, ಇದನ್ನು ಅರಿತಿಲ್ಲ ಎಂಬುದು ಚೂಳಸೀಹನಾದ ಸುತ್ತದ ವಾದ.

ಪ್ರೀತಿಗೂ ಅಂಟಿಗೂ ಇರುವ ಗಡಿಯನ್ನು ಶಾಸ್ತ್ರೀಯವಾಗಿ ಗುರುತಿಸಿದವನು 5ನೆಯ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ವಿಸುದ್ಧಿಮಗ್ಗವನ್ನು ರಚಿಸಿದ ಬುದ್ಧಘೋಷ. ಮೈತ್ರಿ, ಕರುಣೆ, ಮುದಿತೆ (ಇನ್ನೊಬ್ಬರ ಏಳಿಗೆಗೆ ಸಂತೋಷಪಡುವುದು), ಉಪೇಕ್ಷೆ (ಸಮಚಿತ್ತ) ಎಂಬ ನಾಲ್ಕು ಬ್ರಹ್ಮವಿಹಾರಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ದೂರದ ಶತ್ರು, ಒಬ್ಬ ಹತ್ತಿರದ ಶತ್ರು ಇರುತ್ತಾನೆಂದು ಅವನು ಹೇಳುತ್ತಾನೆ. ಮೈತ್ರಿಗೆ ದೂರದ ಶತ್ರು ದ್ವೇಷವಾದರೆ ಹತ್ತಿರದ ಶತ್ರು ರಾಗ. ಕರುಣೆಗೆ ದೂರದ ಶತ್ರು ಹಿಂಸೆ, ಹತ್ತಿರದ್ದು ಮರುಕದ ವೇಷದಲ್ಲಿ ಬರುವ ಸ್ವಂತ ಶೋಕ. ಉಪೇಕ್ಷೆಗೆ ಹತ್ತಿರದ ಶತ್ರು ಏನೂ ತಿಳಿಯದ, ಏನೂ ತಟ್ಟದ ಮಂದತನ. ಮಗಳು ದೂರದ ಊರಿಗೆ ಕೆಲಸಕ್ಕೆ ಹೊರಟಾಗ ತಂದೆಗಾಗುವ ಕಳವಳದಲ್ಲಿ ಅವಳ ಹಿತದ ಚಿಂತೆ ಎಷ್ಟು, ತನ್ನ ಮನೆ ಬಿಕೋ ಎನ್ನುವುದೆಂಬ ಅಳಲು ಎಷ್ಟು ಎಂದು ಬೇರ್ಪಡಿಸಿ ನೋಡುವುದಕ್ಕೆ ಈ ವಿಂಗಡಣೆಗಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಕಲ್ಲಿನಂಥ ನಿರ್ಲಿಪ್ತತೆಯನ್ನು ಸಾಧನೆಯೆಂದು ಭಾವಿಸಿದವರನ್ನು ಬುದ್ಧಘೋಷನು ಶತ್ರುವಿನ ಪಾಳೆಯದಲ್ಲಿಯೇ ನಿಲ್ಲಿಸಿರುವುದು ಗಮನಾರ್ಹ.

ಅಭಿಪ್ರಾಯ ಮತ್ತು ಆಚಾರಗಳ ಹಿಡಿತ ಬಿಡುವುದು ಭೋಗದ ಹಿಡಿತ ಬಿಡುವುದಕ್ಕಿಂತ ಕಷ್ಟವೆಂಬುದಕ್ಕೆ ಸಂಘದ ಇತಿಹಾಸವೇ ಸಾಕ್ಷಿ. ಹೊಳೆ ದಾಟಲು ಕಟ್ಟಿದ ತೆಪ್ಪವನ್ನು ದಡ ಸೇರಿದ ಮೇಲೆ ತಲೆಯ ಮೇಲೆ ಹೊತ್ತು ನಡೆಯಬಾರದು, ತನ್ನ ಉಪದೇಶವನ್ನೂ ಹಾಗೆಯೇ ಬಳಸಬೇಕು ಎಂದು ಬುದ್ಧನು ಅಲಗದ್ದೂಪಮ ಸುತ್ತದಲ್ಲಿ ಹೇಳಿದ್ದನು. ಆದರೂ ಅವನ ಪರಿನಿಬ್ಬಾಣವಾಗಿ, ಅಂದರೆ ಅವನು ತೀರಿಕೊಂಡು, ಸುಮಾರು ನೂರು ವರ್ಷಗಳಾಗುವ ಹೊತ್ತಿಗೆ ವೈಶಾಲಿಯಲ್ಲಿ ಭಿಕ್ಷುಗಳು ಹತ್ತು ವಿಷಯಗಳ ಮೇಲೆ ಜಗಳಕ್ಕೆ ನಿಂತರು. ಬೆಳ್ಳಿಬಂಗಾರ ಸ್ವೀಕರಿಸಬಹುದೇ ಎಂಬ ಗಂಭೀರ ಪ್ರಶ್ನೆ ಅವುಗಳಲ್ಲಿತ್ತು ನಿಜ, ಆದರೆ ಪಟ್ಟಿಯಲ್ಲಿ ಮೊದಲನೆಯದು ಕೊಂಬಿನಲ್ಲಿ ಉಪ್ಪು ಇಟ್ಟುಕೊಳ್ಳಬಹುದೇ ಎಂಬುದಾಗಿತ್ತು.

ಈ ಬೋಧೆಯ ದುರುಪಯೋಗವೊಂದನ್ನು ಹೇಳದೆ ಬಿಡಲಾಗದು. ದುಃಖಕ್ಕೆ ತೃಷ್ಣೆಯೇ ಕಾರಣವೆಂಬ ಮಾತನ್ನು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳಿದಾಗ ಅದು ಅನ್ಯಾಯಕ್ಕೆ ಹೊದಿಸಿದ ಹೊದಿಕೆಯಾಗುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದ ಡಾ. ಬಿ.ಆರ್. ಅಂಬೇಡ್ಕರ್ ಅವರು, ಮರುವರ್ಷ ಮರಣೋತ್ತರವಾಗಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಕೃತಿಯಲ್ಲಿ, ತೃಷ್ಣೆಯನ್ನು ದುಃಖದ ಮೂಲವೆನ್ನುವ ನಾಲ್ಕು ಆರ್ಯಸತ್ಯಗಳು ಬುದ್ಧನ ಮೂಲ ಉಪದೇಶವೇ ಎಂಬ ಪ್ರಶ್ನೆಯನ್ನೇ ಎತ್ತಿ, ಮನುಷ್ಯನು ಮನುಷ್ಯನಿಗೆ ಮಾಡುವ ಅನ್ಯಾಯದಿಂದ ಹುಟ್ಟುವ ದುಃಖವನ್ನು ಮುಂದೆ ತಂದರು. ಸಾಂಪ್ರದಾಯಿಕ ಬೌದ್ಧರು ಈ ಪ್ರಶ್ನೆಯನ್ನು ಒಪ್ಪಲಿ ಬಿಡಲಿ, ಅದರ ಹಿಂದಿನ ಕಾಳಜಿಗೆ ಪಾಲಿ ಗ್ರಂಥಗಳಲ್ಲಿಯೇ ಆಧಾರವಿದೆ. ದೀಘ ನಿಕಾಯದ ಚಕ್ಕವತ್ತಿಸೀಹನಾದ ಸುತ್ತದಲ್ಲಿ ರಾಜನು ನಿರ್ಗತಿಕರಿಗೆ ಧನ ಕೊಡದೆ ಹೋದದ್ದರಿಂದ ಬಡತನ, ಬಡತನದಿಂದ ಕಳ್ಳತನ, ಅದರಿಂದ ಶಸ್ತ್ರ, ಕೊಲೆ, ಸುಳ್ಳುಗಳು ಹೆಚ್ಚುತ್ತ ಹೋಗುತ್ತವೆ. ಸಾವತ್ಥಿಯ ಶ್ರೇಷ್ಠಿ ಅನಾಥಪಿಂಡಿಕನಿಗೆ ಬುದ್ಧನು ಗೃಹಸ್ಥನ ಸುಖಗಳನ್ನು ಎಣಿಸಿದಾಗ ನ್ಯಾಯವಾಗಿ ಗಳಿಸಿದ ಸಂಪತ್ತು ಇರುವುದು, ಅದನ್ನು ಅನುಭವಿಸುವುದು, ಸಾಲವಿಲ್ಲದಿರುವುದು ಆ ಪಟ್ಟಿಯಲ್ಲಿವೆ, ದೋಷವಿಲ್ಲದ ಬಾಳಿನ ಸುಖ ಅವೆಲ್ಲಕ್ಕಿಂತ ಮಿಗಿಲೆಂದು ಹೇಳಿದ್ದರೂ. ಧಮ್ಮಪದದ ಅಟ್ಠಕಥೆಯು, ಅಂದರೆ ಹಳೆಯ ವ್ಯಾಖ್ಯಾನವು, ಆಳವಿ ಎಂಬ ಊರಿನ ಒಬ್ಬ ಬಡವನ ಸಂಗತಿಯನ್ನು ದಾಖಲಿಸಿದೆ: ಕಳೆದುಹೋದ ಎತ್ತನ್ನು ಹುಡುಕಿ ದಣಿದು, ಉಪವಾಸದಲ್ಲಿಯೇ ಉಪದೇಶ ಕೇಳಲು ತಡವಾಗಿ ಬಂದ ಅವನಿಗಾಗಿ ಬುದ್ಧನು ಸಭೆಯನ್ನು ಕಾಯಿಸಿ, ಮಿಕ್ಕ ಊಟವಿದೆಯೇ ಎಂದು ವಿಚಾರಿಸಿ, ಮೊದಲು ಅವನಿಗೆ ಬಡಿಸಿಸಿದನು, ಆಮೇಲೆ ಮಾತು ಆರಂಭಿಸಿದನು, ಇದೇಕೆಂದು ಭಿಕ್ಷುಗಳು ಗೊಣಗಿದಾಗ, ಹಸಿದವನಿಗೆ ಧರ್ಮ ಅರ್ಥವಾಗುವುದಿಲ್ಲವೆಂಬುದು ಬುದ್ಧನು ಕೊಟ್ಟ ಕಾರಣವಾಗಿತ್ತು.