ಸತ್ತ ಬಂದೂಕಿಗೂ ಬೇಕು ಸರ್ಟಿಫಿಕೇಟು!

2022ರಲ್ಲಿ 'ಕೆಜಿಎಫ್ ಚಾಪ್ಟರ್ 2' ತೆರೆಗೆ ಬಂದಾಗಿನ ಗಲಾಟೆ ಮರೆತಿಲ್ಲ ತಾನೆ? ರಾಕಿಭಾಯ್ ಕೈಯಲ್ಲಿ 'ದೊಡ್ಡಮ್ಮ' ಭೋರ್ಗರೆದು ಪೊಲೀಸ್ ಠಾಣೆ ಜರಡಿಯಾಗುತ್ತದೆ. ಕಾದು ಕೆಂಪಗಾದ ನಳಿಗೆಯಿಂದಲೇ ಆತ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ!

ಆ ಗುಂಗಿನಲ್ಲೇ ಮನೆಗೆ ಹೋದ ಕೆಲವು ಅಭಿಮಾನಿಗಳ ತಲೆಯಲ್ಲಿ ಒಂದು ಹುಳ ಕೊರೆಯಲು ಶುರುವಾಗುತ್ತದೆ. ಗುಂಡು ಹಾರದಿದ್ದರೆ ಬೇಡ ಬಿಡು ಗುರು, ಅಸಲಿ ಮಿಲಿಟರಿ ಗನ್ನೊಂದನ್ನು ಹೀರೋ ಫೋಟೋ ಪಕ್ಕ ನೇತು ಹಾಕಿದರೆ ಹ್ಯಾಗಿರುತ್ತೆ? ಫಾರಿನ್‌ನಲ್ಲಿ ಅಂಗಡಿಯಲ್ಲೇ ಮಾರ್ತಾರಂತಲ್ಲ?

ಮಾರ್ತಾರೆ, ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಇಂಥ 'ಸತ್ತ' ಬಂದೂಕುಗಳನ್ನು ಕೂಡಿಡುವ ದೊಡ್ಡ ಬಳಗವೇ ಇದೆ. ಅವರಲ್ಲಿ ಅರ್ಧ ಜನಕ್ಕೆ ಯುದ್ಧದ ಹುಚ್ಚಾದರೆ ಉಳಿದರ್ಧಕ್ಕೆ ನಮ್ಮ ನಿಮ್ಮ ಹಾಗೆ ಸಿನಿಮಾ ಹುಚ್ಚು! 1977ರ 'ಸ್ಟಾರ್ ವಾರ್ಸ್' ನೋಡಿದವರಿಗೆ ಬಿಳೀ ಕವಚ ತೊಟ್ಟ ಸೈನಿಕರ ನೆನಪಿರಬೇಕು. ಅವರ ಕೈಯಲ್ಲಿದ್ದ 'ಬೆಳಕಿನ ಗನ್ನು' ಬೇರೇನಲ್ಲ, ಬ್ರಿಟಿಷ್ ಸೈನ್ಯದ ಸ್ಟರ್ಲಿಂಗ್ ಕಾರ್ಬೈನ್. ಲಂಡನ್ನಿನಲ್ಲಿ ಸಿನಿಮಾಕ್ಕೆ ಆಯುಧ ಬಾಡಿಗೆ ಕೊಡುವ ಬ್ಯಾಪ್ಟಿ ಕಂಪನಿಯಿಂದ ತಂದು, ಮೇಲೊಂದಿಷ್ಟು ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಹಳೇ ದುರ್ಬೀನು ಸಿಕ್ಕಿಸಿದರು, ಅಷ್ಟೆ. ಹೀರೋ ಹ್ಯಾನ್ ಸೋಲೋನದು ಜರ್ಮನಿಯ ಮೌಸರ್ ಪಿಸ್ತೂಲು. ಅಲ್ಲಿನ ಅಭಿಮಾನಿಗಳು ಇವತ್ತಿಗೂ ಸತ್ತ ಸ್ಟರ್ಲಿಂಗ್ ಕೊಂಡು ಅದೇ ರೀತಿ ಸಿಂಗಾರ ಮಾಡುತ್ತಾರೆ. ಇನ್ನೊಂದು ವಿಷಯ ಗೊತ್ತೇ? ಅದೇ ಸ್ಟರ್ಲಿಂಗ್ ನಮ್ಮ ಕಾನ್ಪುರದ ಸರಕಾರಿ ಕಾರ್ಖಾನೆಯಲ್ಲೂ ತಯಾರಾಗಿ ನಮ್ಮ ಸೈನಿಕರ, ಪೊಲೀಸರ ಹೆಗಲೇರಿದೆ.

ಕೊಲ್ಲುವುದು ಹೇಗೆ?

ಬಂದೂಕನ್ನು ಕೊಲ್ಲುವುದು ಅಂದರೆ ಒಳಗಿನ ಪಿನ್ನು ಕಿತ್ತು ಬಿಸಾಡುವುದಲ್ಲ ಸ್ವಾಮಿ. ಅದು ಇಂಗ್ಲೆಂಡಿನಲ್ಲೂ ನಡೆಯದು. ಅಲ್ಲಿನ 1988ರ ಕಾಯಿದೆಯ ಪ್ರಕಾರ ಸರಕಾರ ಗೊತ್ತುಮಾಡಿದ ರೀತಿಯಲ್ಲೇ ನಳಿಗೆ ಕೊಯ್ಯಬೇಕು, ಬೆಸುಗೆ ಹಾಕಬೇಕು. ಆಮೇಲೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ 'ಪ್ರೂಫ್ ಹೌಸ್' ಎಂಬ ಪರೀಕ್ಷಾಲಯ ಅದನ್ನು ನೋಡಿ, ಲೋಹದ ಮೇಲೆ ಮುದ್ರೆ ಒತ್ತಿ, ಕಾಗದದ ಸರ್ಟಿಫಿಕೇಟು ಕೊಡುತ್ತದೆ. ಮನುಷ್ಯ ಸತ್ತರೆ ಡಾಕ್ಟರ ಚೀಟಿ ಬೇಕಲ್ಲ, ಹಾಗೆ!

1995ಕ್ಕೆ ಮುಂಚೆ ಕೊಂದ ಬಂದೂಕುಗಳಿಗೆ ಆ ಬಳಗದಲ್ಲಿ ಬಹಳ ಬೆಲೆ. ಗುಂಡು ಹಾರುವುದಿಲ್ಲ, ಆದರೆ ಕುದುರೆ ಎಳೆದರೆ 'ಟಕ್' ಅನ್ನುತ್ತದೆ, ಬಿಚ್ಚಿ ಜೋಡಿಸಬಹುದು. ಆ ವರ್ಷ ಮಷೀನ್‌ಗನ್ನುಗಳ ನಿಯಮ ಬಿಗಿಯಾಯಿತು. ಅದಕ್ಕಿಂತ ದೊಡ್ಡ ಏಟು ಬಿದ್ದದ್ದು 2016ರಲ್ಲಿ, ಮತ್ತದಕ್ಕೆ ಕಾರಣ ರಕ್ತ.

2015ರ ಜನವರಿ 9. ಪ್ಯಾರಿಸ್ಸಿನ ಯಹೂದಿ ಅಂಗಡಿಯೊಂದಕ್ಕೆ ನುಗ್ಗಿದ ಭಯೋತ್ಪಾದಕ ನಾಲ್ವರು ಒತ್ತೆಯಾಳುಗಳನ್ನು ಕೊಂದ. ಅವನ ಬಳಿಯಿದ್ದ ರೈಫಲ್ಲುಗಳು ಸ್ಲೊವಾಕಿಯಾದಲ್ಲಿ 'ಬರೀ ಸದ್ದು ಮಾಡುವ ಗನ್ನು' ಎಂಬ ಹೆಸರಿನಲ್ಲಿ ಮಾರಾಟವಾಗಿದ್ದಂಥವು. ಯಾರೋ ಅವಕ್ಕೆ ಮತ್ತೆ ಜೀವ ಕೊಟ್ಟಿದ್ದರು! ಚೆಕ್ ದೇಶದಲ್ಲಿ ಹುಟ್ಟಿದ ವಿ.ಝಡ್. 58 ಅವುಗಳ ಜಾತಿ. ವಿಚಿತ್ರ ನೋಡಿ, 2005ರ 'ಲಾರ್ಡ್ ಆಫ್ ವಾರ್' ಚಿತ್ರದಲ್ಲಿ ರಾಶಿ ಬಿದ್ದಿದ್ದೂ ಅದೇ ಜಾತಿಯ ಅಸಲಿ ರೈಫಲ್ಲುಗಳೇ. ನಕಲಿಗಿಂತ ಅಸಲಿಯೇ ಅಗ್ಗಕ್ಕೆ ಸಿಕ್ಕಿತೆಂದು ನಿರ್ದೇಶಕ ಆಂಡ್ರ್ಯೂ ನಿಕೋಲ್ ಹೇಳಿದ್ದಾರೆ.

ಆ ವರ್ಷದ ಕೊನೆಗೆ ಯುರೋಪಿಯನ್ ಒಕ್ಕೂಟ ತನ್ನ ದೇಶಗಳಿಗೆಲ್ಲ ಒಂದೇ ನಿಯಮ ಮಾಡಿತು. ಅದು 2016ರ ಏಪ್ರಿಲ್ 8ರಿಂದ ಜಾರಿಗೆ ಬಂತು. ಈಗ ಒಳಗಿರುವುದಕ್ಕೆಲ್ಲ ಬೆಸುಗೆ. 'ಟಕ್' ಇಲ್ಲ, 'ಟಿಕ್' ಇಲ್ಲ! ಇಂಗ್ಲೆಂಡಿನಲ್ಲಿ ಹಳೇ ಬಗೆಯದನ್ನು ಮನೆಯಲ್ಲಿಟ್ಟುಕೊಂಡಿದ್ದರೆ ತೊಂದರೆ ಇಲ್ಲ. ಆದರೆ 2017ರ ಕಾಯಿದೆ ಬಂದ ಮೇಲೆ ಹೊಸ ನಿಯಮಕ್ಕೆ ಸರಿಮಾಡಿಸದೆ ಅದನ್ನು ಮಾರುವ ಹಾಗಿಲ್ಲ, ಉಡುಗೊರೆ ಕೊಡುವ ಹಾಗೂ ಇಲ್ಲ. ಕಾರಣವಿಲ್ಲದೆ ಹೆಗಲಿಗೇರಿಸಿ ಬೀದಿಗೆ ಬಂದರಂತೂ, ಸತ್ತದ್ದಾದರೂ ಅಪರಾಧವೇ. ಎದುರು ನಿಂತ ಪೊಲೀಸಿನವನಿಗೆ ಅದು ಸತ್ತಿದೆಯೋ ಬದುಕಿದೆಯೋ ಹೇಗೆ ಗೊತ್ತಾಗಬೇಕು, ಪಾಪ!

ನಮ್ಮಲ್ಲಿ?

ಲಂಡನ್ನಿನಲ್ಲಿರುವ ಭಾವ ರಜಕ್ಕೆ ಬರುವಾಗ ಒಂದು ತಂದುಬಿಟ್ಟರೆ? ತಡೆಯಿರಿ, ಕಥೆಗೆ ಟ್ವಿಸ್ಟ್ ಬರುವುದು ಇಲ್ಲೇ. ನಮ್ಮದು 1959ರ ಆಯುಧ ಕಾಯಿದೆ. ಹೊರದೇಶದಿಂದ ಆಯುಧ ತರಲು ಲೈಸೆನ್ಸ್ ಬೇಕು ಅನ್ನುತ್ತದೆ ಅದರ 10ನೇ ಕಲಮು. ಹಳೇ ಕಾಲದ, ಕೆಟ್ಟುಹೋದ ಆಯುಧಗಳಿಗೆ 45ನೇ ಕಲಮು ವಿನಾಯಿತಿ ಕೊಡುತ್ತದೆ, ನಿಜ. ಆದರೆ ಷರತ್ತು ನೋಡಿ: ರಿಪೇರಿ ಮಾಡದೆಯೂ ಸರಿ, ಮಾಡಿದರೂ ಸರಿ, ಅದು ಬಂದೂಕಾಗಿ ಕೆಲಸ ಮಾಡಲಾರದಂತಿರಬೇಕು. 'ರಿಪೇರಿ ಮಾಡಿದರೂ' ಎಂಬ ಮಾತಿನಲ್ಲೇ ಇದೆ ಕೊಕ್ಕೆ! ಇಂಗ್ಲೆಂಡಿನ ಕಾಯಿದೆ ಮುದ್ರೆ ಕೇಳುತ್ತದೆ; ನಮ್ಮ 45ನೇ ಕಲಮು ಮುದ್ರೆ, ಸರ್ಟಿಫಿಕೇಟಿನ ಮಾತೇ ಎತ್ತುವುದಿಲ್ಲ, ಕಬ್ಬಿಣವನ್ನು ಕೇಳುತ್ತದೆ. ಅಟ್ಟದ ಮೇಲಿರುವ ತಾತನ ತುಕ್ಕು ಕೋವಿಗೂ ಇದೇ ಲೆಕ್ಕ. ಪಿನ್ನು ಹೋಗಿದೆ, ಒಬ್ಬ ಚುರುಕು ಕಮ್ಮಾರ ಸರಿಮಾಡಬಲ್ಲ ಎಂದಾದರೆ ಕಾಯಿದೆಯ ಕಣ್ಣಿಗೆ ಆ ಕೋವಿ ಬದುಕಿದೆ.

ಸ್ಟರ್ಲಿಂಗ್‌ನಂಥವು ಕುದುರೆ ಒತ್ತಿ ಹಿಡಿದರೆ ಗುಂಡು ಸುರಿಸುತ್ತಲೇ ಇರುವ ಜಾತಿ. ಅಂಥವು ನಿಷೇಧಿತ ಆಯುಧ, ಕೇಂದ್ರ ಸರಕಾರದ ವಿಶೇಷ ಅನುಮತಿಯಿಲ್ಲದೆ ಮುಟ್ಟುವ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಅದಕ್ಕೆ ಕಡಿಮೆಯೆಂದರೆ 7 ವರ್ಷ, ಹೆಚ್ಚೆಂದರೆ 14 ವರ್ಷ ಜೈಲು. 'ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ' ಅಂತೀರಾ? ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಮಷೀನ್‌ಗನ್ನಿಗಲ್ಲ.

ಜೈಲಿನ ಮಾತು ಬಂದಾಗ ಸಂಜಯ್ ದತ್ ನೆನಪಾಗದೆ ಇರುತ್ತಾರೆಯೇ? ರಾಕಿಭಾಯ್ ಎದುರು ಅಧೀರನಾಗಿ ನಿಂತವರು! 1993ರಲ್ಲಿ ಎಕೆ-56 ಪ್ರಕರಣದಲ್ಲಿ ಬಂಧನವಾಯಿತು. ಅದು ಸತ್ತ ಬಂದೂಕಲ್ಲ, ನಿಜ. ಆದರೆ ಕಾಯಿದೆ ಅದೇ. ಇಪ್ಪತ್ತು ವರ್ಷ ಕೇಸು ನಡೆದು 2013ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು 5 ವರ್ಷಕ್ಕೆ ಇಳಿಸಿತು. ಯರವಡಾ ಜೈಲಿನಿಂದ ಅವರು ಹೊರಬಂದದ್ದು 2016ರ ಫೆಬ್ರವರಿಯಲ್ಲಿ. ಅಷ್ಟು ದೊಡ್ಡ ನಟನಿಗೇ ಹೀಗಾದರೆ ನಿಮಗೆ ನಮಗೆ?

ಬಿಡಿಭಾಗ ಕೂಡಿಡುವವರಿಗೂ ಒಂದು ಮಾತು. ಹೆಲ್ಮೆಟ್ಟು, ಬೆಲ್ಟು, ನೀರಿನ ಬಾಟಲಿಗೆ ಆಯುಧ ಕಾಯಿದೆಯ ಗೊಡವೆಯಿಲ್ಲ. ಆದರೆ ಪತ್ತೇದಾರಿ ಚಿತ್ರಗಳ ಸೈಲೆನ್ಸರ್ ಇದೆಯಲ್ಲ, ಅದನ್ನು ಕಾಯಿದೆ ಬಂದೂಕಿನ ಲೆಕ್ಕಕ್ಕೇ ಸೇರಿಸಿದೆ. ಕತ್ತಿ, ಬಂದೂಕಿನ ತುದಿಯ ಬಯೊನೆಟ್ಟು ಆಯುಧಗಳ ಪಟ್ಟಿಯಲ್ಲಿವೆ; ಸರಕಾರ ಪ್ರಕಟಣೆ ಹೊರಡಿಸಿದ ಜಾಗಗಳಲ್ಲಿ ಅವಕ್ಕೂ ಲೈಸೆನ್ಸ್ ಬೇಕು. ಇನ್ನು ಸೈನಿಕನೆಂದು ಜನರನ್ನು ನಂಬಿಸಲು ಯೂನಿಫಾರ್ಮ್ ತೊಟ್ಟು ತಿರುಗಿದರೆ ಮೂರು ತಿಂಗಳವರೆಗೆ ಜೈಲೂಟ.

ಯುದ್ಧದ ಸಾಮಾನನ್ನು ಹತ್ತಿರದಿಂದ ನೋಡಲೇಬೇಕು ಅನ್ನುವವರು ಕಾರವಾರದ ಬಸ್ ಹತ್ತಿ. ಅಲ್ಲಿನ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಎಂಬ ನೌಕಾಪಡೆಯ ಕ್ಷಿಪಣಿ ದೋಣಿಯೇ ಮ್ಯೂಸಿಯಂ ಆಗಿ ನಿಂತಿದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಇದೆ, 2021ರಿಂದ ಅದೂ ಮ್ಯೂಸಿಯಂ. ಅಂಗಳದಲ್ಲೊಂದು ಟ್ಯಾಂಕೂ ಇದೆ. ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳಲು ಯಾವ ಲೈಸೆನ್ಸೂ ಬೇಡ!